ಮಳಗಿ ಮ್ಯಾಲೇಟ್

ನಮ್ಮೂರು ಮಳಗಿಯಲ್ಲಿ ಒಬ್ಬ ಡಾಕ್ಟರಿದ್ದಾನೆ. ಆದರೆ ಅವನಿಗೆ ಜ್ವರ ತೋರಿಸುವ ಹಾಗಿಲ್ಲ, ನೆಗಡಿಗೆ ಗುಳಿಗೆ ಕೇಳುವ ಹಾಗಿಲ್ಲ. ನಾಡಿ ನೋಡಪ್ಪ ಅಂತ ಮುದುಕರು ಕೈ ಚಾಚಿದರೆ ಅವನು ತನ್ನ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಳ್ಳುತ್ತಾನೆ. ‘ಕಾಯ್ದೆ ಐತಿ ಅಜ್ಜಾ’ ಅನ್ನುತ್ತಾನೆ.

ಕಾಯ್ದೆ ಇರುವುದು ನಿಜ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಂತೆ ನೋಂದಣಿಯಿಲ್ಲದೆ ವೈದ್ಯ ಮಾಡಿದವರಿಗೆ ಒಂದು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಯೋಗವಿದ್ದರೆ ಎರಡೂ. ನಮ್ಮ ಸೀಮೆಯಲ್ಲಿ ಈ ಕಾಯ್ದೆಯನ್ನು ಪೂರ್ತಿ ಓದಿದವನು ಇವನೊಬ್ಬನೇ. ಬೈಕಿನ ಡಿಕ್ಕಿಯಲ್ಲಿ ಸಿರಿಂಜು ತುಂಬಿಕೊಂಡು ಹಳ್ಳಿ ತಿರುಗುವ ಸೂಜಿ ಡಾಕ್ಟರುಗಳು ಓದಿಲ್ಲ. ಹಾಗಾಗಿ ಅವರಿಗೆ ಭಯವೂ ಇಲ್ಲ, ರೋಗಿಗಳ ಬರವೂ ಇಲ್ಲ. ಏನೂ ಓದದವನು ಚುಚ್ಚುತ್ತಾನೆ, ಆರು ವರ್ಷ ಓದಿದವನು ಕೈ ಕಟ್ಟಿ ನಿಂತು ನೋಡುತ್ತಾನೆ. ಇದಕ್ಕೆ ನಮ್ಮಲ್ಲಿ ಕಾನೂನಿನ ಆಡಳಿತ ಅನ್ನುತ್ತಾರೆ.

ಹುಡುಗ ಓದಿದ್ದು ಕಿರ್ಗಿಸ್ತಾನದಲ್ಲಿ. ಅಪ್ಪ ಎರಡು ಎಕರೆ ಗದ್ದೆ ಮಾರಿ ಕಳಿಸಿದ. ಗದ್ದೆ ಕೊಂಡವನು ಅದರಲ್ಲಿ ಶುಂಠಿ ಹಾಕಿ, ಅದೃಷ್ಟಕ್ಕೆ ರೇಟು ಬಂದು, ಈಗ ಕಾರಿನಲ್ಲಿ ಓಡಾಡುತ್ತಾನೆ. ಓಡಾಡುವಾಗ ಡಾಕ್ಟರ ಮನೆ ಮುಂದೆ ಹಾರನ್ ಹೊಡೆಯುತ್ತಾನೆ ಅನ್ನುವುದು ಅಪ್ಪನ ದೂರು. ಅಲ್ಲಿ ತಿರುವಿದೆ, ಎಲ್ಲರೂ ಹಾರನ್ ಹೊಡೆಯುತ್ತಾರೆ ಅಂತ ನಾನು ಎಷ್ಟು ಹೇಳಿದರೂ ಕೇಳುವುದಿಲ್ಲ.

ಆರು ವರ್ಷದಲ್ಲಿ ಹುಡುಗ ಇಂಗ್ಲಿಷಿನಲ್ಲಿ ಪಾಠ ಕೇಳಿದ, ಹಿಂದಿಯಲ್ಲಿ ಗೆಳೆಯರನ್ನು ಮಾಡಿಕೊಂಡ, ರೋಗಿಯ ಜತೆ ಮಾತಾಡಲು ರಷ್ಯನ್ ಕಲಿತ. ‘ಗ್ದ್ಯೇ ಬಲೀತ್?’ ಅಂದರೆ ಎಲ್ಲಿ ನೋವು ಅಂತ. ಊರಿಗೆ ಬಂದ ಹೊಸದರಲ್ಲಿ ಬಾಯಿ ತಪ್ಪಿ ಒಬ್ಬ ಗೌಳಿ ಅಜ್ಜಿಯನ್ನು ಹಾಗೇ ಕೇಳಿಬಿಟ್ಟ. ಆಕೆ ಅದು ಯಾವುದೋ ಮಂತ್ರವೆಂದು ತಿಳಿದು ಕೈ ಮುಗಿದಳು. ಸೊಂಟ ನೋವು ಆವತ್ತೇ ಇಳಿಯಿತಂತೆ. ಅವನ ಈವರೆಗಿನ ವೈದ್ಯಕೀಯ ಸಾಧನೆ ಅದೊಂದೇ, ಅದೂ ಕಾಯ್ದೆಗೆ ವಿರುದ್ಧ.

ಈಗ ಅವನು ಮಾಡುತ್ತಿರುವುದು ಎಫ್‌ಎಂಜಿಇ ತಯಾರಿ. ವಿದೇಶದಲ್ಲಿ ವೈದ್ಯ ಪದವಿ ಪಡೆದು ಬಂದವರು ಇಲ್ಲಿ ಸ್ಟೆತಾಸ್ಕೋಪು ಕೊರಳಿಗೆ ಹಾಕಿಕೊಳ್ಳುವ ಮುಂಚೆ ದಾಟಬೇಕಾದ ಕಾಲುಸಂಕ ಅದು. 2002ರಿಂದ ನಡೆಯುತ್ತಿದೆ, ವರ್ಷಕ್ಕೆ ಎರಡು ಸಲ. 300 ಪ್ರಶ್ನೆ, 300 ನಿಮಿಷ. ಪಾಸಿಗೆ 150. ತಪ್ಪಿದರೆ ಅಂಕ ಕಳೆಯುವುದಿಲ್ಲ. ಇವನು ಮೂರನೆಯ ಸಲ ಕಟ್ಟಿದ್ದಾನೆ. ಊರವರು ಕೇಳುವ ಪ್ರಶ್ನೆ ಮಾತ್ರ 300ರಲ್ಲಿ ಇಲ್ಲ: ‘ಏನ್ರೀ ಡಾಕ್ಟರ್ರ, ಡಾಕ್ಟರ್ ಆಗೂದು ಯಾವಾಗ?’

ಒಂದು ಮಳೆಗಾಲದ ಸಂಜೆ, ಕರೆಂಟು ಇಲ್ಲದ ಹೊತ್ತಲ್ಲಿ, ನಾನು ಮೇಣದ ಬತ್ತಿಯ ಬೆಳಕಿನಲ್ಲಿ ಒಂದು ಲೆಕ್ಕ ಹಾಕಿದೆ. ಒಂದು ಪ್ರಶ್ನೆಗೆ ನಾಲ್ಕು ಉತ್ತರ. ಅಂದರೆ ನಮ್ಮ ಮನೆಯ ಎಮ್ಮೆಯನ್ನು ಪರೀಕ್ಷೆಗೆ ಕೂರಿಸಿ ಬಾಲದಿಂದ ಒತ್ತಿಸಿದರೂ 75 ಅಂಕ ಬರಬೇಕು. ಇನ್ನು 100 ಪ್ರಶ್ನೆಗೆ ಸರಿಯುತ್ತರ ಗಟ್ಟಿಯಾಗಿ ಗೊತ್ತಿದ್ದು, ಉಳಿದ 200ಕ್ಕೆ ಶಿರಸಿ ಮಾರಿಕಾಂಬೆಯನ್ನು ನೆನೆದು ಕಣ್ಣು ಮುಚ್ಚಿ ಒತ್ತಿದರೆ 50 ಸೇರಿ ಸರಿಯಾಗಿ 150. ಪಾಸು. ಮೂರನೇ ಒಂದು ಭಾಗ ವಿದ್ಯೆ, ಉಳಿದದ್ದು ಅಮ್ಮನ ಕೃಪೆ. ಇಷ್ಟು ಉದಾರವಾದ ಸಂಕದಲ್ಲೂ ಮೂವರಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿ ಹೊಳೆಗೆ ಬೀಳುತ್ತಾರೆ. ಎಷ್ಟೋ ಸಲ ಐವರಲ್ಲಿ ನಾಲ್ವರು.

ಲೆಕ್ಕ ತೋರಿಸಿದೆ. ಹುಡುಗ ಒಂದು ವಾರ ಮಾತು ಬಿಟ್ಟ. ಆಮೇಲೆ ಒಂದು ದಿನ ತಾನೇ ಬಂದು, ‘ಆ 100 ಯಾವವು ಅಂತ ಗೊತ್ತಾದರ ಸಾಕಿತ್ತು ನೋಡ್ರಿ’ ಅಂದ.

ಆ 100 ಯಾವುವು ಎಂದು ಪರೀಕ್ಷಾ ಮಂಡಳಿಯೇ ಹೇಳಿದೆ. 300ರಲ್ಲಿ 100 ಅಂಕ ಬುನಾದಿ ವಿಜ್ಞಾನಕ್ಕೆ. ಅನಾಟಮಿ 17, ಫಿಸಿಯಾಲಜಿ 17, ಬಯೋಕೆಮಿಸ್ಟ್ರಿ 17. ಅಣ್ಣತಮ್ಮಂದಿರ ಪಾಲುಪಟ್ಟಿಯಂತೆ ಸಮ ಸಮ. ಪೆಥಾಲಜಿ, ಮೈಕ್ರೋಬಯಾಲಜಿ, ಫಾರ್ಮಕಾಲಜಿ ತಲಾ 13. ಉಳಿದ 10 ಫೊರೆನ್ಸಿಕ್‌ಗೆ. ಎಲ್ಲ ಮೊದಲ ಎರಡು ಮೂರು ವರ್ಷದಲ್ಲಿ ಓದಿ ಮುಗಿಸಿದ್ದು, ಅಂದರೆ ಮರೆತು ಮುಗಿಸಿದ್ದು. ಮದುವೆಯಾಗಿ ಹತ್ತು ವರ್ಷವಾದವನನ್ನು ಕರೆದು ಲಗ್ನಪತ್ರಿಕೆಯ ಒಕ್ಕಣೆ ಒಪ್ಪಿಸು ಅಂದ ಹಾಗೆ.

ಮನೆಯಲ್ಲಿ ಸಿಗ್ನಲ್ ಬಾರದ ಕಾರಣ ಅವನ ವ್ಯಾಸಂಗವೆಲ್ಲ ಧರ್ಮಾ ಜಲಾಶಯದ ಏರಿಯ ಮೇಲೆ. ದಿಲ್ಲಿಯ ಯಾರೋ ಮೇಷ್ಟ್ರು ಮೊಬೈಲಿನೊಳಗೆ ನಿಂತು ಕುತ್ತಿಗೆಯಿಂದ ಹೊರಟು ಕೈಗೆ ನರಗಳನ್ನು ಕಳಿಸುವ ಬ್ರೇಕಿಯಲ್ ಪ್ಲೆಕ್ಸಸ್ ಎಂಬ ನರಜಾಲದ ಚಿತ್ರ ಬರೆಯುತ್ತಾರೆ. ಇವನು ಅದನ್ನು ಎರಡು ಪಟ್ಟು ವೇಗದಲ್ಲಿ ಓಡಿಸುತ್ತಾನೆ. ಮೇಷ್ಟ್ರ ದನಿ ಹಕ್ಕಿಯ ಚಿಲಿಪಿಲಿಯಾಗುತ್ತದೆ. ಕೆಳಗೆ ಕಾಲುವೆಯ ನೀರು ಹಾನಗಲ್ ಸೀಮೆಯ ಗದ್ದೆಗಳ ಕಡೆ ಹೊರಟಿರುತ್ತದೆ. ನಮ್ಮಲ್ಲಿ ನಿಂತ ನೀರು ಬೇರೆಯವರ ಹೊಲಕ್ಕೆ ಹೋಗುವುದು ನಮಗೆ ಹೊಸದಲ್ಲ. ಹುಡುಗ ಪಾಸಾದರೂ ಹಾಗೇ ಹೋಗುತ್ತಾನೆ. ಬೆಂಗಳೂರಿಗೆ.

ನೆನಪಿಟ್ಟುಕೊಳ್ಳಲು ಅವನು ಮಾಡುವ ಉಪಾಯಗಳು ಮಾತ್ರ ನನಗೆ ಬಹಳ ಇಷ್ಟ. ಕ್ರೆಬ್ಸ್ ಸೈಕಲ್ ಅಂತ ಒಂದಿದೆ. ತಿಂದ ಅನ್ನ ಜೀವಕೋಶದೊಳಗೆ ಉರಿದು ಶಕ್ತಿಯಾಗುವ ದಾರಿ, ಎಂಟು ಮೆಟ್ಟಿಲಿನ ಚಕ್ರ. ಇಂಗ್ಲಿಷಿನ ಸೂತ್ರಗಳು ತಲೆಗೆ ಹತ್ತದೆ ಅವನು ಅದನ್ನು ಹುಬ್ಬಳ್ಳಿ–ಶಿರಸಿ ಬಸ್ಸಿಗೆ ಹತ್ತಿಸಿದ. ಹುಬ್ಬಳ್ಳಿ ಸಿಟ್ರೇಟ್. ಮುಂದೆ ಯಾವುದೋ ಕೈ ಅಡ್ಡ ಹಿಡಿದರೆ ನಿಲ್ಲುವ ಸ್ಟಾಪು, ಐಸೋಸಿಟ್ರೇಟ್. ತಡಸ ಕ್ರಾಸು ಆಲ್ಫಾ ಕೀಟೋಗ್ಲುಟರೇಟ್, ಏಕೆಂದರೆ ಎರಡೂ ಕಡೆ ತಡೆಯುತ್ತದೆ. ಆಮೇಲೆ ಕಾಡಿನೊಳಗೆ ಎರಡು ಸಣ್ಣ ಸ್ಟಾಪು, ಸಕ್ಸಿನೈಲ್ ಕೋಎ ಮತ್ತು ಸಕ್ಸಿನೇಟ್. ಮುಂಡಗೋಡ ಫ್ಯೂಮರೇಟ್. ಮಳಗಿ ಮ್ಯಾಲೇಟ್. ಶಿರಸಿ ಆಕ್ಸಲೋಅಸಿಟೇಟ್, ಅಲ್ಲಿ ಡ್ರೈವರ್ ಚಾ ಕುಡಿದು ಮತ್ತೆ ಹುಬ್ಬಳ್ಳಿ ಬೋರ್ಡು ಹಾಕುತ್ತಾನೆ, ಚಕ್ರ ಪೂರ್ತಿ. ಮಳಗಿಗೆ ಮ್ಯಾಲೇಟ್ ಎಂಬ ಪ್ರಾಸ ಸಿಕ್ಕ ದಿನ ಅವನು ಏರಿಯ ಮೇಲೆ ಕುಣಿದದ್ದನ್ನು ಮೀನು ಹಿಡಿಯುವವರು ನೋಡಿ, ಪರೀಕ್ಷೆ ಪಾಸಾಯಿತು ಅಂತ ಊರೆಲ್ಲ ಸುದ್ದಿ ಮಾಡಿದ್ದರು. ಸಂಜೆ ಅವರ ಅಮ್ಮ ಪಂಚಕಜ್ಜಾಯ ಹಂಚಿಯೂ ಆಗಿತ್ತು.

ಆ ಹ್ಯಾನ್ಸ್ ಕ್ರೆಬ್ಸ್ ಸ್ವತಃ ವೈದ್ಯ. ಯಹೂದಿ ಎಂಬ ಕಾರಣಕ್ಕೆ 1933ರಲ್ಲಿ ಜರ್ಮನಿಯಲ್ಲಿ ಅವನ ಕೆಲಸ ಕಿತ್ತುಕೊಂಡರು. ಇಂಗ್ಲೆಂಡಿಗೆ ಹೋಗಿ 1937ರಲ್ಲಿ ಈ ಚಕ್ರವನ್ನು ಕಂಡುಹಿಡಿದು ‘ನೇಚರ್’ ಪತ್ರಿಕೆಗೆ ಕಳಿಸಿದರೆ, ಸದ್ಯ ನಮ್ಮಲ್ಲಿ ಜಾಗವಿಲ್ಲ ಅಂತ ವಾಪಸ್ ಬಂತು. 1953ರಲ್ಲಿ ಅದಕ್ಕೇ ನೊಬೆಲ್. ಇದನ್ನು ಹುಡುಗನಿಗೆ ಸಮಾಧಾನಕ್ಕೆಂದು ಹೇಳಿದೆ. ಅವನು ಮೊಬೈಲಿನಿಂದ ಕಣ್ಣೆತ್ತದೆ ಕೇಳಿದ: ‘ಇದು ಪರೀಕ್ಷಾದಾಗ ಬರತೈತೇನ್ರಿ?’

ಇನ್ನೊಂದು ಪ್ರಸಂಗ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಒಂದು ದಿನ ಮೈಕ್ರೋಬಯಾಲಜಿ ನಡೆಯುತ್ತಿತ್ತು. ದಿಲ್ಲಿ ಮೇಷ್ಟ್ರು ‘ಕಯಾಸನೂರ್’ ‘ಕಯಾಸನೂರ್’ ಅಂತ ಬಡಬಡಿಸುತ್ತಿದ್ದರು. ಇವನು ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ: ಫ್ಲೇವಿವೈರಸ್, ವಾಹಕ ಹೀಮಾಫೈಸಾಲಿಸ್ ಸ್ಪಿನಿಜೆರಾ, ಸಾಯುವುದು ಮಂಗ. ಈ ಕಯಾಸನೂರು ಎಲ್ಲಿದೆಯಪ್ಪ ಅಂದೆ. ‘ಆಫ್ರಿಕಾದಾಗ ಇರಬೇಕ್ರಿ’ ಅಂದ.

ಬನವಾಸಿ ದಾಟಿದರೆ ಸೊರಬ ತಾಲೂಕು. ಕ್ಯಾಸನೂರು ಇರುವುದು ಅಲ್ಲಿ. 1957ರಲ್ಲಿ ಆ ಕಾಡಿನಲ್ಲಿ ಮಂಗಗಳು ಸಾಲು ಸಾಲಾಗಿ ಸತ್ತು, ಮನುಷ್ಯರಿಗೂ ಜ್ವರ ಬಂದು, ಜಗತ್ತಿನ ವೈದ್ಯಗ್ರಂಥಗಳಿಗೆಲ್ಲ ನಮ್ಮ ನೆರೆಯ ಊರಿನ ಹೆಸರು ಸೇರಿತು. ನಮಗೆ ಅದು ಮಂಗನ ಕಾಯಿಲೆ. ಅದರ ವಾಹಕ ನಮಗೆ ಉಣುಗು. ಪಕ್ಕದ ಸಿದ್ದಾಪುರದ ಕಡೆ ಬೇಸಿಗೆ ಬಂತೆಂದರೆ ಕಾಡಿಗೆ ದರಕು ತರಲು ಹೋಗುವವರು ಇವತ್ತಿಗೂ ಕಾಲಿಗೆ ಎಣ್ಣೆ ಬಳಿದುಕೊಂಡು ಹೋಗುತ್ತಾರೆ. ಇವನ ಅಜ್ಜಿ ದಿನಾ ಸಂಜೆ ಕೊಟ್ಟಿಗೆಯಲ್ಲಿ ಕೂತು ದನದ ಕಿವಿಯಿಂದ ಉಣುಗು ಕೀಳುತ್ತಾಳೆ. ಅವಳ ಮುಂದೆ ನಾಲ್ಕು ಉತ್ತರ ಇಟ್ಟರೆ ಒಂದೇ ಏಟಿಗೆ ಸರಿಯಾದದ್ದನ್ನು ಉಗುರಿನಲ್ಲಿ ಹೊಸಕಿ ತೋರಿಸುತ್ತಾಳೆ. ಆದರೆ ಆ ಪ್ರಶ್ನೆ ಮಳಗಿಯಿಂದ ದಿಲ್ಲಿಗೆ ಹೋಗಿ, ಅಲ್ಲಿ ಇಂಗ್ಲಿಷ್ ಉಡುಪು ತೊಟ್ಟು, ದುಡ್ಡು ಕಟ್ಟಿಸಿಕೊಂಡು ಮೊಬೈಲಿನಲ್ಲಿ ತಿರುಗಿ ಬರುವ ಹೊತ್ತಿಗೆ ಮೊಮ್ಮಗನಿಗೆ ಗುರುತು ಸಿಗಲಿಲ್ಲ.

ಇದಕ್ಕೆಲ್ಲ ತದ್ವಿರುದ್ಧವಾದ ಒಂದು ಪರೀಕ್ಷೆ ನಮ್ಮ ತಾಲೂಕಿನಲ್ಲೇ ನಡೆಯುತ್ತದೆ. ಮುಂಡಗೋಡಿನ ಟಿಬೆಟಿಯನ್ ಕ್ಯಾಂಪು 1966ರಿಂದ ಇದೆ. ಅಲ್ಲಿನ ಗಾದೆನ್, ಡ್ರೆಪುಂಗ್ ಮಠಗಳಲ್ಲಿ ಗೆಶೆ ಪದವಿಗೆ ಓದುವ ಲಾಮಾಗಳು ಅಂಗಳದಲ್ಲಿ ಎದುರುಬದುರಾಗುತ್ತಾರೆ. ಒಬ್ಬ ಕೂರುತ್ತಾನೆ, ಇನ್ನೊಬ್ಬ ನಿಂತು ಪ್ರಶ್ನೆ ಕೇಳಿ, ಕಾಲು ಅಪ್ಪಳಿಸಿ, ಅಂಗೈಗೆ ಅಂಗೈ ಫಟ್ಟನೆ ಹೊಡೆಯುತ್ತಾನೆ. ಕೂತವನು ಉತ್ತರ ಕೊಡಬೇಕು, ಆ ಉತ್ತರದಿಂದ ಹುಟ್ಟುವ ಪ್ರಶ್ನೆಗೂ ಕೊಡಬೇಕು. ಹತ್ತೊಂಬತ್ತು ಇಪ್ಪತ್ತು ವರ್ಷದ ಓದು. ಅಮೆರಿಕದ ಎಮರಿ ವಿಶ್ವವಿದ್ಯಾಲಯದವರ ಜತೆ ಸೇರಿ ಆ ಪಠ್ಯಕ್ಕೆ ಈಗ ಜೀವವಿಜ್ಞಾನ, ನರವಿಜ್ಞಾನವೂ ಬಂದಿದೆ. ಅಂದರೆ ನಮ್ಮ ತಾಲೂಕಿನಲ್ಲಿ ರೋಗಿಯನ್ನು ಮುಟ್ಟಬೇಕಾಗಿಲ್ಲದ ಸನ್ಯಾಸಿ ನರಕೋಶ ಎಂದರೇನು ಎಂದು ಚಪ್ಪಾಳೆ ತಟ್ಟಿ ಜಗಳವಾಡಿ ಕಲಿಯುತ್ತಾನೆ. ನಾಳೆ ನಮ್ಮ ನರಕ್ಕೆ ಸೂಜಿ ಹಾಕಬೇಕಾದವನು ಅದನ್ನು ‘ಮೇಲಿನ ಯಾವುದೂ ಅಲ್ಲ’ ಅಂತ ಗುರುತು ಹಾಕಿ ಕಲಿಯುತ್ತಾನೆ. ಒಂದು ಸಲ ಹುಡುಗನನ್ನು ಅಲ್ಲಿಗೆ ಕರೆದೊಯ್ದಿದ್ದೆ. ಒಬ್ಬ ಎಳೆಯ ಲಾಮಾ ನಗುತ್ತಾ, ನೀವು ಡಾಕ್ಟರಂತೆ, ನೋವು ಇರುವುದು ಬೆರಳಿನಲ್ಲೋ ಮಿದುಳಿನಲ್ಲೋ ಹೇಳಿ ಅಂದ. ನಮ್ಮವನು ಸ್ವಲ್ಪ ಹೊತ್ತು ಕಾದ. ಆಮೇಲೆ ನನ್ನ ಕಿವಿಯಲ್ಲಿ, ‘ಉಳಿದ ಎರಡು ಆಪ್ಷನ್ ಹೇಳಲೇ ಇಲ್ಲಲ್ರಿ’ ಅಂದ.

ಹಾಗಂತ ಪರೀಕ್ಷೆಯೇ ಬೇಡ ಅನ್ನುವ ಪೈಕಿ ನಾನಲ್ಲ. ಪಿತ್ತಕೋಶ ಎಡಗಡೆ ಇದೆ ಎಂದು ನಂಬಿದವನ ಮುಂದೆ ಹೊಟ್ಟೆ ಬಿಚ್ಚಿ ಮಲಗಲು ನನಗೂ ಮನಸ್ಸಿಲ್ಲ. ನನ್ನ ತಕರಾರು ಜರಡಿಯ ಕಣ್ಣಿನದು. ಹೊರಗಿಂದ ಬಂದವನಿಗೆ ಒಂದು ಜರಡಿ, ಇಲ್ಲೇ ಕೋಟಿ ಸುರಿದು ಸೀಟು ಕೊಂಡವನಿಗೆ ಅವನ ವಿಶ್ವವಿದ್ಯಾಲಯದ್ದೇ ಚಾಳಣಿ. ಎಲ್ಲರಿಗೂ ಒಂದೇ ಪರೀಕ್ಷೆ, ಹೆಸರು ನೆಕ್ಸ್ಟ್ ಎಂದು 2019ರ ಕಾಯ್ದೆಯೇ ಹೇಳಿತು. 2023ರ ಜುಲೈ 28ಕ್ಕೆ ಅದರ ಅಣಕು ಪರೀಕ್ಷೆ ಗೊತ್ತಾಗಿತ್ತು. ಇಲ್ಲಿನ ವಿದ್ಯಾರ್ಥಿಗಳು ಗಲಾಟೆ ಎಬ್ಬಿಸಿದರು, ಪರೀಕ್ಷೆಯನ್ನೇ ಮುಂದೂಡಿದರು. ಹೆಸರಿನಲ್ಲೇ ‘ಮುಂದಿನದು’ ಎಂದಿರುವಾಗ ಅದು ಮುಂದಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸ್ನಾತಕೋತ್ತರ ನೀಟ್‌ನ ಅರ್ಹತೆಯನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಿದರು. ಸೀಟು ಖಾಲಿ ಉಳಿಯಬಾರದಲ್ಲ. ಅಲ್ಲಿ ತಪ್ಪಿಗೆ ಅಂಕ ಕಳೆಯುತ್ತಾರೆ, ಆದ್ದರಿಂದ ಸೊನ್ನೆಗಿಂತ ಕೆಳಗೆ, ನೆಲಮಾಳಿಗೆಯಲ್ಲಿ ಇದ್ದವರೂ ತಜ್ಞವೈದ್ಯರಾಗಲು ಅರ್ಹರಾದರು. ಅವರು ಆಗಲೇ ಎಂಬಿಬಿಎಸ್ ಮುಗಿಸಿದವರು ತಾನೇ ಎಂದು ತಿಳಿದವರು ಸಮಜಾಯಿಷಿ ಕೊಡುತ್ತಾರೆ. ಇರಲಿ. ನನ್ನ ಎಮ್ಮೆ ಈ ಸುದ್ದಿ ಕೇಳಿದಾಗಿನಿಂದ ಮೇವು ತಿನ್ನುವಾಗ ನನ್ನನ್ನು ಬೇರೆ ರೀತಿ ನೋಡುತ್ತಿದೆ.

ಹೊರದೇಶಕ್ಕೆ ಹೋದವರಿಗೆ ನಿಯಮಗಳ ಕೊರತೆಯಿಲ್ಲ. 2021ರ ನಿಯಮದಂತೆ ಅಲ್ಲಿ 54 ತಿಂಗಳಿಗೆ ಕಡಿಮೆಯಿಲ್ಲದ ಓದು, ಅದೇ ಕಾಲೇಜಿನಲ್ಲಿ 12 ತಿಂಗಳ ಇಂಟರ್ನ್‌ಶಿಪ್. ಇಲ್ಲಿ ಪಾಸಾದ ಮೇಲೆ ಮತ್ತೆ 12 ತಿಂಗಳು. ಕಳಿಸಿದ ಏಜೆಂಟರಿಗೆ ಮಾತ್ರ ಇಂಥ ಪರೀಕ್ಷೆ ಯಾವುದೂ ಇಲ್ಲ. ಅವರ ಬೋರ್ಡಿನಲ್ಲಿ ಹಿಮ, ಗುಮ್ಮಟ, ಬಿಳಿ ಕೋಟು ತೊಟ್ಟು ನಗುವ ಹುಡುಗಿ, ಇಂಡಿಯನ್ ಮೆಸ್. ಎಫ್‌ಎಂಜಿಇ ಎಂಬ ನಾಲ್ಕು ಅಕ್ಷರಕ್ಕೆ ಬೋರ್ಡಿನಲ್ಲಿ ಜಾಗ ಸಾಲುವುದಿಲ್ಲ, ‘ನೇಚರ್’ ಪತ್ರಿಕೆಯವರ ಹಾಗೆ.

ರಾಣೆಬೆನ್ನೂರು ತಾಲೂಕಿನ ಚಳಗೇರಿಯ ಹುಡುಗನೂ ಹಾಗೆ ಹೋದವನೇ. ಪಿಯುಸಿಯಲ್ಲಿ ಶೇ 97 ಬಂದರೂ ಇಲ್ಲಿ ಸೀಟು ಸಿಗಲಿಲ್ಲ ಎಂದು ತಂದೆ ಹೇಳಿದ್ದರು. 2022ರ ಮಾರ್ಚ್ 1ರಂದು, ಯುದ್ಧದ ನಡುವೆ, ಉಕ್ರೇನಿನ ಹಾರ್ಕಿವ್‌ನಲ್ಲಿ ಊಟದ ಸಾಮಾನಿಗೆ ಹೊರಗೆ ಬಂದಾಗ ಶೆಲ್ ದಾಳಿಗೆ ಸತ್ತ. ವಿದೇಶದಲ್ಲಿ ಓದಿದವರಲ್ಲಿ ಶೇ 90 ಮಂದಿ ಇಲ್ಲಿನ ಪರೀಕ್ಷೆ ಪಾಸಾಗುವುದಿಲ್ಲ ಎಂದು ನಮ್ಮ ಸೀಮೆಯವರೇ ಆದ ಕೇಂದ್ರ ಸಚಿವರೊಬ್ಬರು ಹೇಳಿದ್ದು ಅದೇ ದಿನಗಳಲ್ಲಿ. ಮೂರು ವಾರದ ಮೇಲೆ ದೇಹ ಊರಿಗೆ ಬಂತು. ತಂದೆತಾಯಿ ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಅನಾಟಮಿ ಕಲಿಯುವ ಮಕ್ಕಳಿಗೆ.

ಈ ವಿಷಯ ಬಂದಾಗ ನಮ್ಮ ಹುಡುಗ ಎದ್ದು ಒಳಗೆ ಹೋಗುತ್ತಾನೆ. ನಾನೂ ಮುಂದುವರಿಸುವುದಿಲ್ಲ.

ಮೊನ್ನೆ ಏನಾಯಿತೆಂದರೆ, ನಮ್ಮ ಓಣಿಯ ಹೆಂಗಸೊಬ್ಬಳಿಗೆ ಅನಾನಸ್ ಹೊಲದಲ್ಲಿ ಹಾವು ಕಚ್ಚಿತು. ಯಾವ ಹಾವೆಂದು ಕಂಡವರಿಲ್ಲ. ಎಲ್ಲರೂ ಒಂದೇ ಸಲ ವೈದ್ಯರಾದರು. ಒಬ್ಬ ಹಗ್ಗ ತಂದ, ಒಬ್ಬ ಬ್ಲೇಡು ತಂದ, ಒಬ್ಬ ಮಂತ್ರದವನಿಗೆ ಫೋನ್ ಹಚ್ಚಿದ. ಆಗ ಏರಿಯಿಂದ ಓಡಿ ಬಂದವನು ನಮ್ಮ ಹುಡುಗ. ಹಗ್ಗ ಕಸಿದು ಎಸೆದ, ಬ್ಲೇಡು ಹಿಡಿದವನನ್ನು ದೂಡಿದ, ಕಾಲು ಅಲುಗಾಡದಂತೆ ಎರಡು ದಬ್ಬೆ ಇಟ್ಟು ಬಟ್ಟೆ ಸುತ್ತಿದ. ನಾಗರ, ಕಟ್ಟು, ಕೊಳಕುಮಂಡಲ, ಗರಗಸಮಂಡಲ, ನಾಲ್ಕಕ್ಕೂ ಒಂದೇ ಔಷಧ, ಬೇಗ ಗಾಡಿ ತರಿಸಿ ಅಂತ ಕೂಗಿದ. ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನಾಲ್ಕು ಆಪ್ಷನ್ನೂ ಸರಿಯಾಗಿರುವ ಪ್ರಶ್ನೆ ಅವನ ಜೀವಮಾನದಲ್ಲಿ ಅದೇ ಮೊದಲು.

ನಮ್ಮ ಜಿಲ್ಲೆಯ ಎಲ್ಲ ಗಂಡಾಂತರಕ್ಕೂ ಒಂದೇ ಚೀಟಿ. ಘಟ್ಟದ ಕೆಳಗಿನವರಿಗೆ ಮಣಿಪಾಲ, ಮೇಲಿನವರಿಗೆ ಹುಬ್ಬಳ್ಳಿ. ಎರಡೂ ನಮ್ಮ ಜಿಲ್ಲೆಯಲ್ಲಿಲ್ಲ. 108ರ ಗಾಡಿಯಲ್ಲಿ ಹುಡುಗ, ಆ ಹೆಂಗಸು, ಆಕೆಯ ಗಂಡ, ನಾನು. ಹುಡುಗ ಒಂದು ಕೈಯಲ್ಲಿ ಆಕೆಯ ನಾಡಿ ಹಿಡಿದಿದ್ದ, ಬೆರಳು ನಡುಗುತ್ತಿತ್ತು. ಐದು ನಿಮಿಷಕ್ಕೊಮ್ಮೆ ರೆಪ್ಪೆ ಎತ್ತಿ ನೋಡುತ್ತಿದ್ದ. ಕಾಯ್ದೆಯ ನೆನಪು ನಾನೂ ಮಾಡಲಿಲ್ಲ. ಬಾಯಲ್ಲಿ ಏನೋ ಗೊಣಗುತ್ತಿದ್ದ. ಮಂತ್ರವಿರಬೇಕೆಂದು ಗಂಡ ಕೈ ಮುಗಿದ. ಕಿವಿಗೊಟ್ಟರೆ, ‘ಮಳಗಿ ಮ್ಯಾಲೇಟ್, ಮುಂಡಗೋಡ ಫ್ಯೂಮರೇಟ್’ ಅನ್ನುತ್ತಿದ್ದ.

ಇದೇನಪ್ಪ ಉಲ್ಟಾ ಹೇಳುತ್ತಿದ್ದೀಯಲ್ಲ ಅಂದೆ.

‘ಮಳಗಿಯಿಂದ ಮುಂಡಗೋಡ ಉಲ್ಟಾ ಹೋಗಬಹುದ್ರಿ, ಅದರಾಚೆ ಎರಡು ಸ್ಟಾಪೂ ನಡೀತೈತಿ. ತಡಸಕ್ಕ ಆಗಂಗಿಲ್ಲ. ಆ ಮೆಟ್ಟಿಲು ಹಿಂದಕ್ಕ ನಡೆಯೂದಿಲ್ಲ. ಮಳಗಿಯಿಂದ ಹುಬ್ಬಳ್ಳಿಗೆ ಈ ದಾರಿಲೆ ಮುಟ್ಟಾಕ ಬರೂದಿಲ್ರಿ’ ಅಂದ. ಬೆವೆತಿದ್ದ.

ಡ್ರೈವರಿಗೆ ಬಯೋಕೆಮಿಸ್ಟ್ರಿ ಗೊತ್ತಿರಲಿಲ್ಲ. ಗಾಡಿ ತಡಸ ದಾಟಿ ಹುಬ್ಬಳ್ಳಿ ಮುಟ್ಟಿತು.

ಆಕೆಯನ್ನು ಒಳಗೆ ಒಯ್ದು ಔಷಧ ಹಚ್ಚಿದರು. ಕಣ್ಣು ಬಿಟ್ಟಳೆಂದು ಗಂಡ ಬಂದು ಹೇಳುವ ಹೊತ್ತಿಗೆ ರಾತ್ರಿ ಹನ್ನೊಂದು. ಕೌಂಟರಿನಲ್ಲಿ ಕೂತ ಹೆಣ್ಣುಮಗಳು ಫಾರಂ ತುಂಬಿಸಿಕೊಳ್ಳುತ್ತಿದ್ದಳು. ಹೆಸರು, ಊರು, ತಾಲೂಕು ಆಯಿತು. ಆಮೇಲೆ ತಲೆಯೆತ್ತದೆ ನಮ್ಮ ಹುಡುಗನನ್ನು ಕೇಳಿದಳು:

‘ನೀವು ಪೇಷಂಟಿಗೆ ಏನಾಗಬೇಕು?’

‘ಡಾಕ್ಟರ್ ಆಗಬೇಕ್ರಿ’ ಅಂದ.

ಆಕೆ ಒಂದು ಸಲ ನೋಡಿ, ‘ನೆರೆಮನೆಯವರು’ ಅಂತ ಬರೆದುಕೊಂಡಳು.